ಎರ್ಸಿಲಿಯಾ ಬೇಡವೆಂದ ಕಷಾಯ

ಬ್ಯೂನಸ್ ಐರಿಸ್, 14 ಜೂನ್ 1911, ಬುಧವಾರ

ಮೂಲೆ ಕೋಣೆಯ ದರ್ಜಿ ಗೌದೆನ್ಸಿಯೊಗೆ ಕ್ಷಯ. ಕಫದ ಪರೀಕ್ಷೆಯಲ್ಲಿ ಖಚಿತವಾಯಿತೆಂದು ದವಾಖಾನೆಯ ದಾದಿ ಸಂಜೆ ವಠಾರದ ಅಂಗಳದಲ್ಲಿ ನಿಂತು ಹೇಳಿದಳು. ಎಲ್ಲರ ಕಣ್ಣೂ ಮಾಟೆ ಎಲೆಯ ಕಷಾಯ ತುಂಬುವ ಸೋರೆಬುರುಡೆಯ ಮೇಲೆ ಬಿತ್ತು. ದಿನವೂ ಇಡೀ ವಠಾರ ಅದನ್ನು ಕೈಯಿಂದ ಕೈಗೆ ದಾಟಿಸಿ ಒಂದೇ ಕೊಳವೆಯಿಂದ ಹೀರುತ್ತದೆ.

ನನ್ನ ಹೆಂಡತಿ ಎರ್ಸಿಲಿಯಾ ಮಾತ್ರ ಈಸ್ಟರ್ ಕಳೆದಾಗಿನಿಂದ ಬೇಡವೆನ್ನುತ್ತಿದ್ದಾಳೆ. ಎದುರು ಕೋಣೆಯ ರೋಮುಲಾ ಆಗೆಲ್ಲ, "ಮಹಾರಾಣಿಯವ್ರಿಗೆ ನಮ್ಮ ಎಂಜಲು ಆಗಲ್ವಂತೆ ಕಣ್ರೇ!" ಎಂದು ಕುಟುಕುತ್ತಿದ್ದಳು. ಇವತ್ತು ಅವಳೇ, "ನೀನೇ ಜಾಣೆ ಕಣೇ, ಬಚಾವಾದೆ" ಎಂದಳು.

ನನಗೂ ಹಾಗೇ ಅನ್ನಿಸಿತ್ತು. ಒಳಗೆ ಬಂದು, "ಸದ್ಯ, ನೀನು ಕುಡೀಲಿಲ್ವಲ್ಲ" ಎಂದೆ.

ಎರ್ಸಿಲಿಯಾ ಬಾಗಿಲು ಹಾಕಿದಳು. "ಅವರ ಎಂಜಲಿಗೆ ಹೆದರಿ ಬಿಟ್ಟಿದ್ದಲ್ಲ ರೀ. ನನ್ನ ಎಂಜಲು ಅವರ ಮಕ್ಕಳ ಬಾಯಿಗೆ ಹೋಗಬಾರದು ಅಂತ."

ಈಗ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಕೆಮ್ಮನ್ನು ದಿಂಬಿನಲ್ಲಿ ಅದುಮುವುದು ಕೇಳಿಸುತ್ತಿದೆ. ಇಷ್ಟು ದಿನ ಹೇಗೆ ಕೇಳಿಸಲಿಲ್ಲ? ಪತ್ರಿಕೆಯಲ್ಲಿ ಸಾವಿನ ಸುದ್ದಿಗಳಿಗೆ ಅಚ್ಚುಮೊಳೆ ಜೋಡಿಸುವವನು ನಾನು. ಈ ಕಾಯಿಲೆಯ ಹೆಸರು ಎಷ್ಟು ಸಲ ಬರುತ್ತದೆಂದು ಬಲ್ಲೆ. ಹೆದರಿಕೆಗೆ ದೀಪ ಆರಿಸಲಾಗುತ್ತಿಲ್ಲ.

ನಾಳೆ ಎಂಟಕ್ಕೆ ವಠಾರದ ಎಲ್ಲರ ತಪಾಸಣೆ. ಮೊದಲು ನಮ್ಮ ಕೋಣೆ.