ಪೈನೆಮಕ್ಕನ ಪಟ್ಟೆ ರವಿಕೆ

ಜೂನ್ 3, ಬೆಳಿಗ್ಗೆ

ಯೋಗ್ಯಕರ್ತದ ಮಲಿಯೊಬೊರೊ ಬೀದಿ, ಫುಟ್‌ಪಾತಿನಲ್ಲಿ ನನ್ನ ಚಿತ್ರ ಬರೆಯುವ ಅಂಗಡಿ. ಬೋಣಿ ಸೈಕಲ್ ರಿಕ್ಷಾದವನದು. "ಕೋಟು, ಟೈ ಹಾಕು ಮಾರಾಯ, ಅತ್ತೆ ಮನೆಗೆ ಕಳಿಸ್ಬೇಕು" ಅಂದ. ಹಾಕಿದೆ. ನನ್ನ ಪೆನ್ಸಿಲಿನಲ್ಲಿ ಅರ್ಧ ಊರೇ ಮ್ಯಾನೇಜರ್! ಮುಖ ಅವರದು, ಬಟ್ಟೆ ನನ್ನದು.

ಆಮೇಲೆ ಪೈನೆಮಕ್ಕ. ಬೆನ್ನಿಗೆ ಬುಟ್ಟಿ ಕಟ್ಟಿ ಬೀದಿ ಬೀದಿ ಕಷಾಯ ಮಾರುವವಳು. ಮಗಳ ಮದುವೆ. ಬೀಗರದು ಅರಮನೆ ಊಳಿಗದ ಮನೆತನ. ಚಪ್ಪರದ ಬಾಗಿಲಲ್ಲಿ ಎರಡೂ ಕಡೆಯ ಹಿರಿಯರ ಚಿತ್ರ ಇಡುತ್ತಾರಂತೆ.

"ತಮ್ಮಾ, ಕಷಾಯದವಳು ಅಂತ ನೆಂಟರು ಯಾರೂ ಗುರುತು ಹಿಡೀಬಾರ್ದು. ದೊಡ್ಡೋರ ಹಾಗೆ ಬರೆದ್ಬಿಡು. ಮಗಳು ತಲೆ ತಗ್ಗಿಸಬಾರ್ದು."

ಕಣ್ಣು ತುಂಬಿತ್ತು. ಆಗಲಿ ಅಕ್ಕಾ ಅಂದೆ.

ಜೂನ್ 5

ಮುಗೀತು. ಮಖಮಲ್ ರವಿಕೆ, ಚಿನ್ನದ ಪಿನ್ನು, ಪರಾಂಗ್ ಬಾತಿಕ್ ಬಟ್ಟೆ — ಹಿಂದೆ ಅರಮನೆಯವರಷ್ಟೇ ಉಡುತ್ತಿದ್ದ ಅಲೆ ನಮೂನೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜೂನ್ 9

ನನ್ನ ಬುದ್ಧಿಗಿಷ್ಟು! ಗೋಡೆಗೆ ಆನಿಸಿದ್ದ ಚಿತ್ರ ನೋಡಿ ಪಕ್ಕದ ಬಾತಿಕ್ ಅಂಗಡಿ ರುಸ್ಮಿಯಾತಿ ಅತ್ತೆ ಚೀರಿದಳು. "ಮದುವೆ ಮನೆಗೆ ಪರಾಂಗ್ ತರ್ತಾರೇನೋ? ಗಂಡ ಹೆಂಡ್ತಿ ಕಚ್ಚಾಡ್ಲಿ ಅಂತಾನಾ? ಅದೂ ಬೀಗರ ಕಣ್ಣೆದುರು!"

ಗೊತ್ತಿದ್ದ ಮಾತೇ. ದೊಡ್ಡಸ್ತಿಕೆ ತೋರಿಸುವ ಭರದಲ್ಲಿ ಮರೆತೆ... ಮದುವೆ ನಾಳೆ. ಹೇಳಿ ಕಳಿಸಿದೆ. ಪೈನೆಮಕ್ಕ ಬುಟ್ಟಿ ಸಮೇತ ಓಡಿ ಬಂದಳು, ಮೈಮೇಲೆ ದಿನವೂ ತೊಡುವ ಗೆರೆಗೆರೆ ಹತ್ತಿಯ ಪಟ್ಟೆ ರವಿಕೆ. ಬೈದಳು, ಅತ್ತಳು, ಕೊನೆಗೆ ನಕ್ಕಳು.

"ಸಾಕು ಈ ನಾಟಕ. ಇದ್ದ ಹಾಗೆ ಬರಿ. ಬುಟ್ಟಿ ಮಾತ್ರ ಬೇಡ."

ಅದೇ ಕೈಮಗ್ಗದ ಪಟ್ಟೆಯಲ್ಲಿ ಬರೆದೆ. ಬುಟ್ಟಿ ಬಿಟ್ಟೆ. ಚಿತ್ರ ಚೆನ್ನಾಗಿದೆ, ಆದರೆ ನನಗೇ ಭಯ.

ಜೂನ್ 10, ಮದುವೆ ಮನೆ

ಚಿತ್ರ ಇಡಲು ಬಂದವನು ಗಡಿಬಿಡಿಯಲ್ಲಿ ಇದನ್ನು ಗೀಚುತ್ತಿದ್ದೇನೆ. ಚಪ್ಪರ ಬೀಗರ ಅಂಗಳದಲ್ಲೇ. ಬಾಗಿಲ ಆ ಕಡೆ ಬೀಗರು ಸುಮಾರ್ತೊ ಯಜಮಾನರ ಫೋಟೋ, ಕೋಟು-ಟೈ. ಈ ಕಡೆ ಪೈನೆಮಕ್ಕನ ಪಟ್ಟೆ. ಯಜಮಾನರು ಅದರ ಮುಂದೆ ನಿಂತು ಪಟ್ಟೆಯ ಗೆರೆಗಳ ಮೇಲೆ ಬೆರಳಾಡಿಸಿದರು. ಪೈನೆಮಕ್ಕ ನನ್ನ ತೋಳು ಚಿವುಟಿ ಹಿಡಿದಿದ್ದಳು.

"ಮೂವತ್ತು ವರ್ಷ ಅರಮನೆ ಬಾಗಿಲಲ್ಲಿ ಇಂಥದೇ ಪಟ್ಟೆ ಅಂಗಿ ತೊಟ್ಟು ಕಾವಲು ನಿಂತಿದ್ದೆ, ಬೀಗಿತ್ತಿ. ಬರಿಗಾಲಲ್ಲಿ" ಅಂದರು. "ನೆಂಟರು ಏನಂತಾರೋ ಅಂತ ಫೋಟೋಕ್ಕೆ ಈ ಕೋಟು ಬಾಡಿಗೆಗೆ ತಂದೆ. ನಾನೆಂಥ ಪುಕ್ಕಲ!" ನನ್ನ ಕಡೆ ತಿರುಗಿದರು. "ನೆಂಟರು ಬರೋಕೆ ಇನ್ನೂ ಒಂದು ಗಂಟೆ ಇದೆ. ನನ್ನನ್ನೂ ಹೊಸದಾಗಿ ಬರಿ, ಆ ಕೋಟು ಬಿಚ್ಚಿಸು ಮಗಾ!"

ಒಳಗೆ ಹೋಗಿ ಹಳೆ ಪಟ್ಟೆ ಅಂಗಿ ತೊಟ್ಟು ಬಂದಿದ್ದಾರೆ. ಎದೆ ಉಬ್ಬಿಸಿ ಕೂತಾಯಿತು. ನನಗೋ ಖುಷಿ! ಪೆನ್ಸಿಲ್ ಚೂಪು ಮಾಡಬೇಕು. ಪೈನೆಮಕ್ಕ ತನ್ನ ಚಿತ್ರವನ್ನೂ ಕಿತ್ತು ತರುತ್ತಿದ್ದಾಳೆ —

"ತಮ್ಮಾ, ಇದಕ್ಕೆ ನನ್ನ ಬುಟ್ಟೀನೂ ಸೇರಿಸ್ಬಿಡು!"