ಶಾಲೆಯಂಗಳದಲ್ಲಿ ನೀನು ಹೇಳಿದ್ದು

ಜಾಗ್ರೆಬ್,
ಅಕ್ಟೋಬರ್ 3

ಪ್ರೀತಿಯ ಅಮ್ಮನಿಗೆ,

ಮೊಣಕಾಲಿನ ನೋವು ಹೇಗಿದೆ? ಅಲ್ಲಿ ಜಾದರ್‌ನ ಕಡಲತೀರದಲ್ಲಿ ಇನ್ನೂ ಒಳ್ಳೆಯ ಬಿಸಿಲಿದೆಯೆಂದು ಚಿಕ್ಕಮ್ಮ ಹೇಳಿದಳು. ಇಲ್ಲಿ ಮಂಜು ಶುರುವಾಗಿದೆ. ಭೂಕಂಪದ ವಿಷಯವನ್ನು ಫೋನಿನಲ್ಲಿ ಎತ್ತಿದರೆ ನೀನು ಮಾತು ತಿರುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ವಾರ ನಮ್ಮ ಸಂಸ್ಥೆಯ ಕಿರಿಯ ಸಂಶೋಧಕರೆಲ್ಲ ಶಾಲೆಗಳಿಗೆ ಹೋಗಿ, ನಾವು ಮಾಡುವ ಕೆಲಸವನ್ನು ಮಕ್ಕಳಿಗೆ ತೋರಿಸಿ ಬಂದೆವು. ಭೂಕಂಪದ ಅಧ್ಯಯನ ಮಾಡುವ ನನಗೂ ಸಹೋದ್ಯೋಗಿ ಬೋರ್ನಾನಿಗೂ ಪಾಲಿಗೆ ಬಂದದ್ದು ನೀನು ನಿವೃತ್ತಿಯವರೆಗೆ ವಿಜ್ಞಾನ ಕಲಿಸಿದ ಶಾಲೆ. ಭೂಕಂಪದಲ್ಲಿ ಬಿದ್ದ ಹಳೆಯ ಕಟ್ಟಡದ ಜಾಗದಲ್ಲಿ ಈಗ ಬರೀ ಹುಲ್ಲು. ಪಕ್ಕದ ತಗಡಿನ ಕೋಣೆಗಳಲ್ಲಿ ಪಾಠ ನಡೆಯುತ್ತಿದೆ.

ಅಲುಗುವ ಹಲಗೆಯೊಂದನ್ನು ಒಯ್ದಿದ್ದೆವು. ಮಕ್ಕಳು ಒಣ ಶಾವಿಗೆಯ ಕಡ್ಡಿಗಳಿಂದ ಅದರ ಮೇಲೆ ಮನೆ ಕಟ್ಟಬೇಕು, ನಾವು ಅಲುಗಿಸಬೇಕು. ಎಲ್ಲ ಕಡೆ ನಗು ತರಿಸುವ ಆಟ ಅದು. ಅಲ್ಲಿ ಮೊದಲ ಮನೆ ಕುಸಿದಾಗ ಯಾರೂ ನಗಲಿಲ್ಲ. ಬೋರ್ನಾ ಹಲಗೆ ಅಲುಗಿಸುವುದನ್ನು ನಿಲ್ಲಿಸಿದ. ಯಾವ ಊರಿಗೆ ಏನು ತಂದಿದ್ದೇವೆ ಎಂಬುದು ಆಗ ತಿಳಿಯಿತು.

ಹಿಂದಿನ ಬೆಂಚಿನಿಂದ ಮಿರ್ತಾ ಎಂಬ ಹುಡುಗಿ ಎದ್ದಳು. ಹದಿಮೂರರ ವಯಸ್ಸು. ಒಂದು ಸಣ್ಣ ಕಂಪನ ಬಂದರೆ ಮುಂದೆ ದೊಡ್ಡದು ಬರುವುದಿಲ್ಲ ಎನ್ನುವುದು ನಿಜವೇ ಎಂದು ಕೇಳಿದಳು. ಯಾಕೆ ಕೇಳುತ್ತೀ ಎಂದಾಗ ನೆಲ ನೋಡುತ್ತಾ ಹೇಳಿದಳು. ಭೂಕಂಪವಾದ ಆ ಚಳಿಗಾಲ ಮೊದಲ ಸಣ್ಣ ಕಂಪನವಾದಾಗ ಮಕ್ಕಳೆಲ್ಲ ಅಂಗಳದಲ್ಲಿ ಅಳುತ್ತಿದ್ದರಂತೆ. ಸ್ಲಾವಿಕಾ ಟೀಚರ್, ಭೂಮಿಯ ಒಳಗಿನ ಒತ್ತಡ ಈಗ ಕಳೆದುಹೋಯಿತು, ಇನ್ನು ದೊಡ್ಡದು ಬರುವುದಿಲ್ಲ ಎಂದು ಧೈರ್ಯ ಹೇಳಿದರಂತೆ.

ಹೌದಮ್ಮ, ನೀನೇ.

ಅದೇ ಸಂಜೆ ಮಿರ್ತಾಳ ಅಜ್ಜಿ ಹೊದಿಕೆಗಳನ್ನು ಹೊತ್ತು ಕಾರಿನಲ್ಲೇ ಮಲಗಲು ಹೊರಟಿದ್ದರು. ಮಿರ್ತಾ ನಿನ್ನ ಮಾತನ್ನೇ ಹೇಳಿ ಒಳಗೆ ಕರೆತಂದಳು. ವಿಜ್ಞಾನದಲ್ಲಿ ತರಗತಿಗೇ ಮೊದಲಿಗಳಾದ ಮೊಮ್ಮಗಳ ಮಾತನ್ನು ಅಜ್ಜಿ ನಂಬಿದರು. ಬೆಳಗಿನ ಜಾವ ದೊಡ್ಡದು ಬಂತು. ಮಿರ್ತಾಳನ್ನು ಅವಶೇಷಗಳಿಂದ ಎಳೆದು ತೆಗೆದರು. ಅಜ್ಜಿ ಉಳಿಯಲಿಲ್ಲ.

ಬೋರ್ನಾ ಒಳ್ಳೆಯ ಮನಸ್ಸಿನಿಂದಲೇ, ನೀನು ಅಜ್ಜಿಗೆ ಹೇಳಿದ್ದು ಬಹುಮಟ್ಟಿಗೆ ಸರಿ, ನಿಮ್ಮ ದುರದೃಷ್ಟ ಅಷ್ಟೇ ಎಂದ. ಅವಳು ಅವನತ್ತ ತಿರುಗಲೂ ಇಲ್ಲ. ನನ್ನನ್ನೇ ನೋಡುತ್ತಾ ನಿಂತಿದ್ದಳು.

"ಅದು ತಪ್ಪು ಮಾತು, ಮಿರ್ತಾ. ಸಣ್ಣದಾದ್ಮೇಲೆ ದೊಡ್ಡದು ಬರಬಹುದು, ಬರದೇನೂ ಇರಬಹುದು. ಬರುತ್ತೆ ಅಂತ ಅವತ್ತು ಯಾರಿಗೂ ಗೊತ್ತಿರ್ಲಿಲ್ಲ. ನಮಗೂ ಗೊತ್ತಿರ್ಲಿಲ್ಲ," ಎಂದೆ.

"ನಂಗೆ ಗೊತ್ತು ಅಕ್ಕಾ, ಆಮೇಲೆ ಓದಿದೆ," ಎಂದಳು. "ಅದು ತಪ್ಪು ಅಂತ ದೊಡ್ಡವ್ರು ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ ಅಂತ ನೋಡ್ದೆ. ಎಲ್ರೂ 'ನಿಂದೇನೂ ತಪ್ಪಿಲ್ಲ' ಅಂದು ತಿನ್ನೋಕೆ ಏನಾದ್ರೂ ಕೊಡ್ತಾರೆ."

ನಾವು ಸಾಮಾನು ಕಟ್ಟುವಾಗ ಮತ್ತೆ ಬಂದಳು.

"ನೀವೆಲ್ಲ ವಿಜ್ಞಾನದೋರು. ಸ್ಲಾವಿಕಾ ಟೀಚರ್ ಎಲ್ಲಾದ್ರೂ ಸಿಕ್ರೆ ಇದನ್ನ ಹೇಳ್ಬೇಡಿ. ಪಾಪ, ನಾವು ಅಳ್ತಿದ್ವಿ ಅಂತ ಹೇಳಿದ್ರು ಅವ್ರು."

ಆ ಮಗು ಬೇಡವೆಂದದ್ದನ್ನೇ ಮಾಡುತ್ತಿದ್ದೇನೆ. ಅಮ್ಮಾ, ನೀನು ಅವಸರವಾಗಿ ನಿವೃತ್ತಿ ತೆಗೆದುಕೊಂಡು ಸಮುದ್ರದ ಊರಿಗೆ ಹೊರಟಾಗ ಮೊಣಕಾಲಿನ ಕಾರಣ ಹೇಳಿದೆ. ನಾವು ಒಪ್ಪಿಕೊಂಡೆವು. ಕಂಪನದ ಸುದ್ದಿ ಬಂದರೆ ರೇಡಿಯೋ ಆರಿಸುತ್ತೀಯಂತೆ. ನಿನಗೆ ಮೊದಲೇ ಗೊತ್ತಿತ್ತು ಅಲ್ಲವೇ? ಮಿರ್ತಾಳ ವಿಷಯ ಗೊತ್ತಿರಲಿಕ್ಕಿಲ್ಲ, ನಿನ್ನ ಮಾತು ಸುಳ್ಳಾದದ್ದು ಗೊತ್ತಿತ್ತು.

ನಿನ್ನನ್ನು ದೂರಲು ಬರೆದದ್ದಲ್ಲ. ಅಳುವ ಮಕ್ಕಳ ನಡುವೆ ನಿಂತಿದ್ದವಳು ನೀನು, ನಾನಲ್ಲ. ಆದರೆ ಆ ಹುಡುಗಿ ಹದಿಮೂರರಲ್ಲಿ ನಿನ್ನ ಪಾಲಿನ ಭಾರವನ್ನೂ ಹೊತ್ತು ನಿಂತಿದ್ದಾಳೆ, ಜೊತೆಗೆ ನಿನಗೆ ನೋವಾಗದಂತೆ ನಿನ್ನನ್ನೂ ಕಾಯುತ್ತಿದ್ದಾಳೆ. ನೀನು ಒಮ್ಮೆ ಬಂದು ಅವಳೆದುರು ಕೂರಬೇಕು. ಬಸ್ಸು ಹತ್ತುವುದು ಕಷ್ಟವಾದರೆ ನಾನೇ ಬಂದು ಕರೆದೊಯ್ಯುತ್ತೇನೆ. ಬರುವುದಿಲ್ಲ ಎನ್ನುವುದಾದರೂ ಬರೆದು ತಿಳಿಸು. ಸುಮ್ಮನಿರಬೇಡ.

ನಿನ್ನ ಮಗಳು,
ತಿಹಾನಾ

ತಾ.ಕ.: ಆ ಟೀಚರ್ ನಿಮಗೆ ಪರಿಚಯವೇ ಎಂದು ಮಿರ್ತಾ ನನ್ನನ್ನು ಕೇಳಿದ್ದಳು. ನನ್ನ ಹೆಸರಿನ ಜೊತೆ ನೀನು ಬಳಸದ ಅಪ್ಪನ ಮನೆತನದ ಹೆಸರಿತ್ತಲ್ಲ, ಅವಳಿಗೆ ತಿಳಿಯುವಂತಿರಲಿಲ್ಲ. ಇಲ್ಲ ಎಂದೆ.