ಲಾರಿಯ ಪಾಟಾ, ಕಾರಿನ ಬೋಲ್ಟು

ಬಸವಕಲ್ಯಾಣ
ಶನಿವಾರ, ೧೧-೧-೨೦೨೫

ಪ್ರೀತಿಯ ತಮ್ಮ ಧಮ್ಮಪಾಲನಿಗೆ,

ಇವತ್ತು ಮಧ್ಯಾಹ್ನ ಮೂರಕ್ಕೆ ದಡದಡ ಸದ್ದಿಗೆ ಎಚ್ಚರವಾಯಿತು. ಕೂಸು ತೊಟ್ಟಿಲಿನಿಂದ ಬಿತ್ತೆಂದೇ ಎದೆ ಹಾರಿತು. ನೋಡಿದರೆ ನೀನು ಕಳಿಸಿದ, ನಿನ್ನ ಕಾರಿನ ಓಟದ ವಿಡಿಯೊ. ನೋಡುತ್ತಲೇ ನಿದ್ದೆ ಹತ್ತಿ, ಫೋನು ಅದನ್ನೇ ಮತ್ತೆ ಮತ್ತೆ ಆಡಿಸುತ್ತಿತ್ತು. ಮಗಳಿಗೆ ಹಲ್ಲು ಬರುತ್ತಿವೆ, ರಾತ್ರಿಯೆಲ್ಲ ಅಳು, ನನಗೆ ನಿದ್ದೆಯಿಲ್ಲ. ನೀನು ಹೇಗಿದ್ದೀ? ಸುಟ್ಟ ಕೈ ಮಾಯಿತೇ? ಹುಮನಾಬಾದಿನಲ್ಲಿ ನಸೀರನ ಗ್ಯಾರೇಜಿನಲ್ಲೇ ಮಲಗುತ್ತೀಯಂತೆ, ಈ ಚಳಿಗೆ ಒಂದು ಚಾದರವಾದರೂ ಇದೆಯೋ ಇಲ್ಲವೋ.

ಕಾರಿಗೆ ಲಾರಿಯ ಪಾಟಾ ಬೇಡವೆಂದಿದ್ದಕ್ಕೆ ನೀನು ಸಿಟ್ಟಾಗಿ ಫೋನ್ ಎತ್ತುತ್ತಿಲ್ಲ, ನಸೀರನೂ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. "ಅಕ್ಕಾ, ನೀ ಕೂಸಿಗಿ ಹಾಲ ಕುಡಸು, ಪಾಟಾದ ಚಿಂತಿ ನಂಗ ಬಿಡು" ಎಂದೆಯಲ್ಲ, ಬಿಡುವುದಿಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದು ಹಾಲು ಕಾಯಿಸಲಿಕ್ಕಲ್ಲ. ನಾಳೆಯ ರೇಸಿಗೆಂದು ನಿನ್ನ ಕಾಂಟೆಸ್ಸಾ ಕಾರಿನ ಹಿಂದಿನ ಸ್ಪ್ರಿಂಗಿಗೆ ಲಾರಿಯ ಎರಡೆರಡು ಪಾಟಾ, ಆ ದಪ್ಪ ಉಕ್ಕಿನ ಪಟ್ಟಿ, ಸೇರಿಸಿ ಗಟ್ಟಿ ಮಾಡಿದ್ದೀರಿ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಲಾರಿಗೆ ಅದು ಸರಿ. ನಸೀರನ ಕೈ ಪಳಗಿದ್ದೂ ಅದರಲ್ಲೇ. ನಿನ್ನ ಕಾರು ಹೊರುವುದೇನನ್ನು? ಕ್ಲಚ್ ಬಿಟ್ಟ ಕೂಡಲೇ ಹಿಂಬದಿ ಕುಸಿದು ಚಕ್ರದ ಮೇಲೆ ತೂಕ ಕೂರಬೇಕು, ಆಗ ಟೈರು ನೆಲ ಕಚ್ಚುತ್ತದೆ. ನೀವು ಅದನ್ನು ಕುಸಿಯದಂತೆ ಎತ್ತಿ ನಿಲ್ಲಿಸಿದ್ದೀರಿ. ಮೇಲಾಗಿ ಎಂಜಿನ್ನಿನ ಜೋರಿಗೆ ಆಕ್ಸಲ್ ತಿರುಚಿಕೊಂಡು ಪುಟಿಯುತ್ತಿದೆ. ನೀನು ಹೊಗೆ ನೋಡಿ ಹಿಗ್ಗಿದೆ, ನನಗೆ ಕೇಳಿಸಿದ್ದು ಆ ದಡದಡ.

ಕೂಸನ್ನು ಸೊಂಟಕ್ಕೇರಿಸಿಕೊಂಡು ಆಟೋನಗರಕ್ಕೆ ಬಂದು, ವೆಲ್ಡಿಂಗ್ ಅಂಗಡಿಯ ಮಕ್ಬೂಲ್ ಚಾಚಾರ ಮುಂದೆ ನಿಂತು, ಆಕ್ಸಲ್ ತಿರುಚದಂತೆ ತಡೆಯುವ ಎರಡು ಸರಳು ಮಾಡಿಸಿದ್ದೇನೆ. "ಯಾಕವ್ವಾ, ತೊಟ್ಟಿಲಕ್ಕೇನ ಇದು?" ಎಂದು ನಕ್ಕರು. "ಹೌದ್ರಿ ಚಾಚಾ, ನಮ್ಮ ದೊಡ್ಡ ಕೂಸಿಂದು" ಎಂದೆ. ಸಂಜೆ ಅವರು ಹುಮನಾಬಾದಿನ ಮನೆಗೆ ಹೋಗುವಾಗ ಸರಳನ್ನೂ ಈ ಕಾಗದವನ್ನೂ ನಿನಗೆ ಕೊಡುತ್ತಾರೆ. ಲಾರಿ ಪಾಟಾ ಇವತ್ತೇ ಬಿಚ್ಚು. ಸರಳನ್ನು ಆಕ್ಸಲ್ ಕೆಳಗೆ ಬಿಗಿ. ಅದರ ರಬ್ಬರು ತಲೆ ಸ್ಪ್ರಿಂಗಿನ ಮುಂತುದಿಯ ಕಣ್ಣಿನ ಕೆಳಗೇ ಬರಲಿ. ಎಡಕ್ಕೆ ಒಂದು ಬೆರಳು ಸಂದು ಬಿಡು, ಬಲಕ್ಕೆ ತಾಗಿಸಿಬಿಡು. ಹೊರಡುವಾಗ ಹಗುರಾಗುವುದು ಬಲಗಡೆಯ ಚಕ್ರವೇ. ಅಲ್ಲಿ ನಾನೇ ಕೂರುತ್ತೇನಲ್ಲ ಎನ್ನಬೇಡ, ಹೊತ್ತಿಗೆ ಉಣ್ಣದ ನಿನ್ನ ತೂಕ ಎಷ್ಟರದು! ರೇಸು ಬೇಡ ಎನ್ನುತ್ತಿಲ್ಲ, ಧಮ್ಮಾ. ಗೆಲ್ಲು. ಆದರೆ ನೆಟ್ಟಗೆ ಓಡುವ ಕಾರಿನಲ್ಲಿ ಗೆಲ್ಲು.

ನಿನ್ನ ಸೋದರ ಸೊಸೆಯ ಜೊಲ್ಲಿನ ಮುತ್ತು ಒಂದು ಇದರೊಂದಿಗಿದೆ. ನೂರು ವರ್ಷ ಬಾಳು, ಅಕ್ಕನ ಮಾತು ಕೇಳಿ ಬಾಳು. ಜೈ ಭೀಮ್.

ನಿನ್ನ ಅಕ್ಕ,
ಧನಶ್ರೀ

ತಾ.ಕ.: ಚಾಚಾ ಗಾಡಿ ಚಾಲೂ ಮಾಡಿದ್ದಾರೆ. ವಿಡಿಯೊ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಎಡಗಡೆಯ ಹಿಂದಿನ ಚಕ್ರ ಮಡ್‌ಗಾರ್ಡಿನ ನಡುವೆ ಇಲ್ಲ, ಹಿಂದಕ್ಕೆ ಸರಿದಿದೆ. ಲಾರಿ ಪಾಟಾದ ತೂತು ದೊಡ್ಡದು, ಪಾಟಾ, ಆಕ್ಸಲ್ ಎರಡನ್ನೂ ಜಾಗದಲ್ಲಿ ಹಿಡಿದಿಡುವ ಕಾರಿನ ಸೆಂಟರ್ ಬೋಲ್ಟು ಸಣ್ಣದು, ಅದು ತುಂಡಾಗಿದೆ. ಜೋರಿನಲ್ಲಿ ಆಕ್ಸಲ್ ಇನ್ನಷ್ಟು ಸರಿದರೆ ಸ್ಟಿಯರಿಂಗ್ ನಿನ್ನ ಮಾತು ಕೇಳುವುದಿಲ್ಲ. ಸರಳು ಆಮೇಲೆ, ಮೊದಲು ಬೋಲ್ಟು. ರೇಸು ನಡೆಯುವ ಹುಡಗಿ ಊರಿನ ಮೈದಾನದವರೆಗೆ ನಿಧಾನವಾಗಿಯೂ ಓಡಿಸಬೇಡ. ಮಾತು ಮೀರಿದರೆ ಮೊದಲ ಬಸ್ಸಿಗೆ ಕೂಸಿನೊಂದಿಗೆ ಬಂದು ಕಾರಿನ ಮುಂದೆ ಕೂರುತ್ತೇನೆ. ಕೆಳಗೆ ಮಲಗಿ ನೋಡು, ನೋಡಿ ಬೆಳಗಾಗುವುದರೊಳಗೆ ಫೋನ್ ಮಾಡು. ಬೈಯಲಿಕ್ಕಾದರೂ ಮಾಡು. ಅಕ್ಕ ಕೈಮುಗಿದು ಕೇಳುತ್ತಿದ್ದೇನೆ, ಮಾಡೋ ತಮ್ಮಾ.